ಇಂಜೆಕ್ಷನ್ ಆದ ಮೇಲೆ ಮುಕ್ಕಾಲು ಗಂಟೆ ಕತ್ತಲ ಕೋಣೆ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ ಈಚೆಗೆ ಮರೆವು ಜಾಸ್ತಿಯಾಗಿದೆ. ಡಾಕ್ಟರು ಮೆದುಳಿನ ಪೆಟ್ ಸ್ಕ್ಯಾನ್ ಬರೆದುಕೊಟ್ಟರು. ಕೈಗೆ ಇಂಜೆಕ್ಷನ್ ಕೊಟ್ಟು, ಮಂದ ಬೆಳಕಿನ ಕೋಣೆಯಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ಮಲಗಿಸಿದರು. ಮಾತಾಡುವಂತಿಲ್ಲ, ಮೊಬೈಲ್ ಮುಟ್ಟುವಂತಿಲ್ಲ. ಯಾಕೆ ಅಂದರೆ ‘ಔಷಧ ಹರಡಬೇಕಲ್ಲಾ’ ಅಂದರು. ರಕ್ತ ಒಂದು ನಿಮಿಷದಲ್ಲಿ ಮೈಯೆಲ್ಲ ಸುತ್ತಿ ಬರುತ್ತದೆ ಎಂದು ಓದಿದ ನೆನಪು. ಹರಡುವುದಕ್ಕೆ ಅಷ್ಟು ಹೊತ್ತು ಬೇಕೆ? ಇನ್ನೊಂದು ಮಾತು: ಕೊನೆಯಲ್ಲಿ ಯಂತ್ರದ ಕಡೆಗೆ ಕರೆದುಕೊಂಡು ಹೋಗುವಾಗ ಅಪ್ಪ ನನ್ನ ಜೊತೆ ಜೋರಾಗಿ ಮಾತಾಡಿಬಿಟ್ಟರು. ಚಿತ್ರ ಕೆಟ್ಟಿತೇ?
— ಮದ್ದೂರಿನ ಓದುಗರೊಬ್ಬರು

ಉತ್ತರ: ಹರಡುವುದಕ್ಕೆ ಅಷ್ಟು ಹೊತ್ತು ಬೇಡ. ನಿಮ್ಮ ಅನುಮಾನ ಸರಿಯಾಗಿದೆ. ಈ ಪ್ರಶ್ನೆ ಕೇಳಿದವರಲ್ಲಿ ನೀವು ಮೊದಲಿಗರಲ್ಲ. ಆದರೆ ‘ಒಂದು ನಿಮಿಷ’ದ ಲೆಕ್ಕ ಹಿಡಿದು ಪಟ್ಟು ಹಾಕಿದವರಲ್ಲಿ ಮೊದಲಿಗರು. ಹರಡುವ ಕೆಲಸ ಮೊದಲ ಒಂದೆರಡು ನಿಮಿಷದಲ್ಲೇ ಮುಗಿದಿರುತ್ತದೆ. ಮಿಕ್ಕ ಹೊತ್ತೆಲ್ಲ ಕಾಯುವುದು ಸುಮ್ಮನೆ ಬಂದುಹೋಗುವ ಅಣುಗಳು ಜಾಗ ಖಾಲಿ ಮಾಡಲಿ ಎಂದು.

ಮೈಸೂರಿನಲ್ಲಿ ಕೂತು ಮಂಡ್ಯ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ನನಗೆ ಸಲೀಸು, ಯಾಕೆಂದರೆ ಇದು ಪೂರ್ತಿ ಸಕ್ಕರೆಯ ವ್ಯವಹಾರ. ಮೆದುಳು ತೂಕದಲ್ಲಿ ದೇಹದ ನೂರಕ್ಕೆ ಎರಡು ಪಾಲು. ಆದರೆ ನಾವು ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಅದರ ಹೊಟ್ಟೆಗೇ ಹೋಗುತ್ತದೆ. ದಿನಕ್ಕೆ ಹತ್ತಿರ ಹತ್ತಿರ 120 ಗ್ರಾಂ ಗ್ಲೂಕೋಸ್. ನಿಮ್ಮ ತಂದೆಗೆ ಕೊಟ್ಟದ್ದು, ನಾನು ತಿಳಿದ ಮಟ್ಟಿಗೆ ಮರೆವಿನ ತನಿಖೆಯಲ್ಲಿ ಹೆಚ್ಚಾಗಿ ಕೊಡುವ ಎಫ್‌ಡಿಜಿ ಇರಬೇಕು. ಪೂರ್ತಿ ಹೆಸರು ಫ್ಲೋರೋಡಿಆಕ್ಸಿಗ್ಲೂಕೋಸ್. ಗ್ಲೂಕೋಸಿನ ವೇಷ ಹಾಕಿದ ಅಣು. ಅದರ ಎರಡನೇ ಇಂಗಾಲದ ಮೇಲೆ ಇರಬೇಕಾದ ಹೈಡ್ರಾಕ್ಸಿಲ್ ಗುಂಪಿನ ಜಾಗದಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಕೂತಿರುತ್ತದೆ. ಹೀಗೆ ಗುರುತು ಹಾಕಿ ಬಿಟ್ಟ ಅಣುವಿಗೆ ಟ್ರೇಸರ್ ಎನ್ನುತ್ತಾರೆ.

ಒಂದು ಆಲೆಮನೆ ನೆನೆಸಿಕೊಳ್ಳಿ. ಗಾಡಿಗಳಲ್ಲಿ ಕಬ್ಬು ಬರುತ್ತದೆ, ಅಂಗಳದಲ್ಲಿ ಇಳಿಯುತ್ತದೆ. ಇಳಿದದ್ದೆಲ್ಲ ಗಾಣಕ್ಕೆ ಹೋಗುವುದಿಲ್ಲ, ರೇಟು ಸರಿಹೋಗದೆ ಗಾಡಿ ತಿರುಗಿಸಿಕೊಂಡು ಹೋಗುವವರೂ ಇರುತ್ತಾರೆ (ನಿಮ್ಮ ಕಡೆಯವರಿಗೆ ಇದನ್ನು ನಾನು ಹೇಳಬೇಕೆ!). ಗಾಣಕ್ಕೆ ಹೋದದ್ದು ಮಾತ್ರ ಹಾಲಾಗಿ, ಕೊಪ್ಪರಿಗೆಗೆ ಬಿದ್ದು, ಬೆಲ್ಲವಾಗುತ್ತದೆ. ಈಗ ಸಾವಿರಾರು ಜಲ್ಲೆಗಳ ನಡುವೆ ಕೆಂಪು ದಾರ ಕಟ್ಟಿದ ಕೆಲವು ನಕಲಿ ಜಲ್ಲೆ ಸೇರಿಸಿದ್ದೇವೆ ಎನ್ನಿ. ಅವೂ ಗಾಡಿಯಲ್ಲೇ ಬರುತ್ತವೆ, ಅಂಗಳದಲ್ಲಿ ಇಳಿಯುತ್ತವೆ, ಕೆಲವು ವಾಪಸ್ ಹೋಗುತ್ತವೆ, ಕೆಲವು ಗಾಣಕ್ಕೆ ಬಾಯಿ ಕೊಡುತ್ತವೆ. ಆದರೆ ಅಲ್ಲಿಂದ ಮುಂದೆ ಕೊಪ್ಪರಿಗೆಗೆ ಹೋಗುವುದಿಲ್ಲ, ಹಿಂದೆ ಅಂಗಳಕ್ಕೂ ಬರುವುದಿಲ್ಲ. ಅಲ್ಲೇ ಸಿಕ್ಕಿಕೊಳ್ಳುತ್ತವೆ. ಸಂಜೆ ಗಾಣದಲ್ಲಿರುವ ಕೆಂಪು ದಾರ ಎಣಿಸಿದರೆ ಗಾಣ ಎಷ್ಟು ಅರೆಯಿತು ಎಂಬ ಅಂದಾಜು ಸಿಗುತ್ತದೆ.

ಮೆದುಳಿನಲ್ಲಿ ಗಾಡಿ ಎಂದರೆ ರಕ್ತ, ಅಂಗಳ ಎಂದರೆ ಜೀವಕೋಶದ ಒಳಗು, ಗಾಣದ ಕೆಲಸ ಮಾಡುವುದು ಹೆಕ್ಸೊಕೈನೇಸ್ ಎಂಬ ಕಿಣ್ವ. ಅದು ಗ್ಲೂಕೋಸಿಗೂ ಎಫ್‌ಡಿಜಿಗೂ ಒಂದು ಫಾಸ್ಫೇಟ್ ಅಂಟಿಸುತ್ತದೆ. ಗ್ಲೂಕೋಸ್ ಮುಂದಿನ ಹಂತಗಳಿಗೆ ಹೋಗಿ ಶಕ್ತಿಯಾಗುತ್ತದೆ. ಎಫ್‌ಡಿಜಿಗೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಫಾಸ್ಫೇಟ್ ಹೊತ್ತ ಅಣು ಜೀವಕೋಶದ ಗೋಡೆ ದಾಟಿ ಆಚೆ ಬರುವುದಕ್ಕೂ ಆಗುವುದಿಲ್ಲ.

ತೊಡಕು ಇರುವುದು ಎಣಿಸುವ ಯಂತ್ರದಲ್ಲಿ. ಪೆಟ್ ಕ್ಯಾಮೆರಾಗೆ ಕಾಣುವುದು ಕೆಂಪು ದಾರ ಮಾತ್ರ, ಅಂದರೆ ಫ್ಲೋರಿನ್-18ರಿಂದ ಬರುವ ವಿಕಿರಣ. ಆ ದಾರ ಗಾಡಿಯಲ್ಲಿದೆಯೋ, ಅಂಗಳದಲ್ಲಿದೆಯೋ, ಗಾಣದಲ್ಲಿದೆಯೋ ಎಂಬುದು ಅದಕ್ಕೆ ತಿಳಿಯದು. ರಕ್ತನಾಳದಲ್ಲಿ ಹರಿಯುವ ಎಫ್‌ಡಿಜಿ, ಜೀವಕೋಶದಲ್ಲಿ ಸುಮ್ಮನೆ ಓಡಾಡುವ ಎಫ್‌ಡಿಜಿ, ಸಿಕ್ಕಿಬಿದ್ದ ಎಫ್‌ಡಿಜಿ ಮೂರೂ ಸೇರಿ ಒಂದೇ ಹೊಳಪು. ಇದನ್ನು ಬಿಡಿಸುವುದಕ್ಕೆ ಕ್ಯಾಮೆರಾದಿಂದ ಆಗುವುದಿಲ್ಲ, ಲೆಕ್ಕದಿಂದ ಆಗುತ್ತದೆ.

ಲೆಕ್ಕ ದೊಡ್ಡದೇನಲ್ಲ. ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಕನ್ನಂಬಾಡಿ ಕಟ್ಟೆಯ ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ನೋಡುತ್ತೀರಲ್ಲ, ಅದೇ. ಒಳಹರಿವಿನಲ್ಲಿ ಹೊರಹರಿವು ಕಳೆದರೆ ಮಟ್ಟ ಎಷ್ಟು ಏರಿತು ಎಂಬುದು ಬರುತ್ತದೆ. ಗಣಿತದವರು ಇದನ್ನು ಅವಕಲ ಸಮೀಕರಣ ಎಂದು ಬರೆದಾಗ ಮಾತ್ರ ಹೆದರಿಕೆಯಾಗುತ್ತದೆ. ಎಫ್‌ಡಿಜಿಗೆ ಬೇಕಾದದ್ದು ಮುಖ್ಯವಾಗಿ ಮೂರು ದರ. ರಕ್ತದಿಂದ ಅಂಗಳಕ್ಕೆ ಬರುವ ದರ ಕೆ-1, ಅಂಗಳದಿಂದ ರಕ್ತಕ್ಕೆ ಮರಳುವ ದರ ಕೆ-2, ಅಂಗಳದಿಂದ ಗಾಣಕ್ಕೆ ಹೋಗುವ ದರ ಕೆ-3. ಗಾಣದಿಂದ ಬಿಡಿಸಿಕೊಂಡು ಬರುವ ಕೆ-4 ಕೂಡ ಇದೆ, ಆದರೆ ಮೆದುಳಿನಲ್ಲಿ ಅದು ತೀರಾ ಸಣ್ಣದು.

1979ರಲ್ಲಿ ಮೈಕೆಲ್ ಫೆಲ್ಪ್ಸ್ ಮತ್ತು ಜೊತೆಗಾರರು ಮನುಷ್ಯರ ಮೆದುಳಿನ ಬೂದು ಭಾಗಕ್ಕೆ ಕೊಟ್ಟ ಬೆಲೆಗಳು ಹೀಗಿವೆ: ಕೆ-1 ಸುಮಾರು 0.10, ಕೆ-2 0.13, ಕೆ-3 0.06. ಅಂದರೆ ಅಂಗಳದಲ್ಲಿ ನೂರು ಜಲ್ಲೆ ಇದ್ದರೆ ನಿಮಿಷಕ್ಕೆ ಹದಿಮೂರರ ಲೆಕ್ಕದಲ್ಲಿ ವಾಪಸ್, ಆರರ ಲೆಕ್ಕದಲ್ಲಿ ಗಾಣಕ್ಕೆ. ಒಳಗೆ ಬಂದ ಮೂರರಲ್ಲಿ ಸುಮಾರು ಎರಡು ಕೆಲಸ ಮಾಡದೆ ಹಿಂದಿರುಗುತ್ತವೆ! ಇಂಜೆಕ್ಷನ್ ಆದ ಐದನೇ ನಿಮಿಷಕ್ಕೆ ಚಿತ್ರ ತೆಗೆದರೆ ಈ ದಾರಿಹೋಕರೇ ತುಂಬಿಕೊಂಡಿರುತ್ತಾರೆ. ಆಗ ಕಾಣುವುದು ಯಾವ ಬೀದಿಗೆ ಎಷ್ಟು ಗಾಡಿ ಬಂತು ಎಂಬುದು, ಬಹುಮಟ್ಟಿಗೆ ರಕ್ತದ ಹರಿವಿನ ಚಿತ್ರ. ಡಾಕ್ಟರಿಗೆ ಬೇಕಾದದ್ದು ಯಾವ ಗಾಣ ಎಷ್ಟು ಅರೆಯಿತು ಎಂಬುದು.

ಈ ಬೆಲೆಗಳ ಪ್ರಕಾರ, ಹೊಸ ಗಾಡಿ ಬರುವುದು ನಿಂತುಹೋದರೆ ಅಂಗಳ ನಾಲ್ಕು ನಿಮಿಷದೊಳಗೆ ಅರ್ಧ ಖಾಲಿಯಾಗುತ್ತದೆ. ಹಾಗಾದರೆ ಹದಿನೈದು ನಿಮಿಷ ಸಾಕಲ್ಲ ಎಂದು ನೀವು ಕೇಳುತ್ತೀರಿ, ಗೊತ್ತು. ಗಾಡಿ ಬರುವುದು ನಿಲ್ಲುವುದಿಲ್ಲ, ಅದೇ ತಾಪತ್ರಯ. ರಕ್ತದಲ್ಲಿ ಎಫ್‌ಡಿಜಿ ಮಟ್ಟ ಮೊದಲ ಕೆಲವು ನಿಮಿಷ ದಡದಡನೆ ಇಳಿದು, ಆಮೇಲೆ ನಿಧಾನಕ್ಕೆ ತೆವಳುತ್ತಾ ಇಳಿಯುತ್ತದೆ. ಅಂಗಳವೂ ಅದರ ಬಾಲ ಹಿಡಿದುಕೊಂಡೇ ಖಾಲಿಯಾಗಬೇಕು. ಅಷ್ಟರಲ್ಲಿ ಗಾಣದಲ್ಲಿ ಸಿಕ್ಕಿಬಿದ್ದವು ಒಂದೇ ಸಮನೆ ಕೂಡುತ್ತಾ ಹೋಗಿರುತ್ತವೆ. ಅರ್ಧ ಗಂಟೆ, ಮುಕ್ಕಾಲು ಗಂಟೆಯ ಹೊತ್ತಿಗೆ ಹೊಳಪಿನ ಬಹುಪಾಲು ಸಿಕ್ಕಿಬಿದ್ದ ಅಣುಗಳದ್ದೇ. ಆಗ ತೆಗೆದ ಒಂದೇ ಒಂದು ಚಿತ್ರ ಇಡೀ ಸಮೀಕರಣದ ಪರವಾಗಿ ಮಾತಾಡಬಲ್ಲದು.

ಈ ಉಪಾಯದ ಮೂಲ ಅಮೆರಿಕದ ವಿಜ್ಞಾನಿ ಲೂಯಿ ಸೊಕೊಲಾಫ್. ಅವರೂ ಸಹೋದ್ಯೋಗಿಗಳೂ 1977ರಲ್ಲಿ ಇಲಿಗಳ ಮೇಲೆ ಪ್ರಕಟಿಸಿದ ವಿಧಾನದಲ್ಲಿ ಫ್ಲೋರಿನ್ ಇರಲಿಲ್ಲ, ಇಂಗಾಲ-14 ಹಾಕಿದ ಡಿಆಕ್ಸಿಗ್ಲೂಕೋಸ್ ಇತ್ತು. ಅಲ್ಲೂ 45 ನಿಮಿಷವೇ ಕಾದದ್ದು, ಇದೇ ಕಾರಣಕ್ಕೆ. ಮನುಷ್ಯರಿಗೆ ಎಫ್‌ಡಿಜಿ ಮೊದಲು ಕೊಟ್ಟದ್ದು 1976ರ ಆಗಸ್ಟ್‌ನಲ್ಲಿ, ಫಿಲಡೆಲ್ಫಿಯಾದಲ್ಲಿ. ಅದನ್ನು ತಯಾರಿಸಿದ್ದು ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ; ವಿಮಾನದಲ್ಲಿ ತರಿಸಿಕೊಂಡರು. ಆ ಅವಸರಕ್ಕೆ ಕಾರಣ ಫ್ಲೋರಿನ್-18ರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯುವ ಹೊತ್ತು: 110 ನಿಮಿಷ. ಬೆಂಗಳೂರಿನಿಂದ ಮೈಸೂರಿಗೆ ಹೊರಟ ಸೀಸೆ ಎರಡು ಗಂಟೆ ಹಾದಿಯಲ್ಲಿ ಕಳೆದರೆ ಬಂದು ಸೇರುವುದು ಅರ್ಧಕ್ಕಿಂತ ಕಡಿಮೆ, ನೂರಕ್ಕೆ 47ರಷ್ಟು. ಟ್ರೇಸರ್ ಮಾಡಲು ಬಳಸುವ ಇನ್ನೊಂದು ವಿಕಿರಣಶೀಲ ಗುರುತಾದ ಇಂಗಾಲ-11ರ ಅರ್ಧಾಯುಷ್ಯ ಬರೀ 20 ನಿಮಿಷ. ಅದೇ ಹಾದಿಯಲ್ಲಿ ಅದು 64ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಪಕ್ಕದಲ್ಲೇ ಸೈಕ್ಲೋಟ್ರಾನ್ (ಇಂಥ ವಿಕಿರಣಶೀಲ ಪರಮಾಣು ತಯಾರಿಸುವ ಯಂತ್ರ) ಇಲ್ಲದ ಊರಿನವರಿಗೆ ಇಂಗಾಲ-11ರ ಟ್ರೇಸರ್‌ಗಳು ಸಿಗದಿರುವುದು ಇದಕ್ಕೇ. ‘ಹಾಗಾದರೆ ಮೂರು ಗಂಟೆ ಕಾಯೋಣ, ಅಂಗಳ ಪೂರ್ತಿ ಖಾಲಿಯಾಗಲಿ’ ಎನ್ನಲಾಗದಿರುವುದಕ್ಕೂ ಇದೇ ಅಡ್ಡಿ: ಅಷ್ಟು ಹೊತ್ತಿಗೆ ದಾರದ ಬಣ್ಣವೇ ಮಾಸಿರುತ್ತದೆ.

ಸಂಶೋಧನೆಗಾದರೆ ಒಂದೇ ಚಿತ್ರಕ್ಕೆ ತೃಪ್ತಿಪಡುವುದಿಲ್ಲ. ಸೂಜಿ ಚುಚ್ಚಿದ ಗಳಿಗೆಯಿಂದ ಚಿತ್ರ ತೆಗೆಯುತ್ತಾ, ಮಣಿಕಟ್ಟಿನ ಅಪಧಮನಿಯಿಂದ ಆಗಾಗ ರಕ್ತ ತೆಗೆದು ಅಳೆಯುತ್ತಾ ಹೋಗುತ್ತಾರೆ. 1983ರಲ್ಲಿ ಕ್ಲಿಫರ್ಡ್ ಪಾಟ್ಲಾಕ್ ಮತ್ತು ಸಂಗಡಿಗರು ತೋರಿಸಿದ ಜಾಣತನ ನನಗೆ ಬಹಳ ಇಷ್ಟ. ಮೆದುಳಿನ ಹೊಳಪನ್ನು ಆ ಕ್ಷಣದ ರಕ್ತದ ಮಟ್ಟದಿಂದ ಭಾಗಿಸಿ. ಅದುವರೆಗೆ ರಕ್ತದಲ್ಲಿ ಹಾದುಹೋದ ಒಟ್ಟು ಮೊತ್ತವನ್ನೂ ಅದರಿಂದಲೇ ಭಾಗಿಸಿ. ಎರಡನ್ನೂ ಗ್ರಾಫ್ ಹಾಳೆಯಲ್ಲಿ ಇಡಿ. ಮೊದಲು ಬಾಗಿದ ಗೆರೆ, ಸ್ವಲ್ಪ ಹೊತ್ತಿನ ಮೇಲೆ ನೆಟ್ಟಗೆ ಏರುವ ಗೆರೆ. ಅದರ ಇಳಿಜಾರೇ ಗಾಣದ ವೇಗ. ಬಿಡಿ ಬಿಡಿಯಾಗಿ ಕೆ-1, ಕೆ-2, ಕೆ-3 ಹುಡುಕುವ ಗೋಜೇ ಇಲ್ಲ. ಹೈಸ್ಕೂಲಿನ ಸರಳರೇಖೆ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಎಲ್ಲ ದರಗಳೂ ಸ್ಥಿರವಾಗಿರುತ್ತವೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ನಕಲಿ ಜಲ್ಲೆ ಲೋಡುಗಟ್ಟಲೆ ಬಂದರೆ ಗಾಣ ಕಟ್ಟಿಕೊಳ್ಳುವುದಿಲ್ಲವೆ? ಕಟ್ಟಿಕೊಳ್ಳುತ್ತದೆ. ಅದಕ್ಕೇ ಕೊಡುವುದು ತೀರಾ ಚೂರು. ಮೆದುಳಿನ ಸ್ಕ್ಯಾನಿಗೆ 5 ಮಿಲಿಕ್ಯೂರಿ (ಇದು ವಿಕಿರಣದ ಅಳತೆ) ಕೊಟ್ಟರು ಎಂದಿಟ್ಟುಕೊಳ್ಳಿ. ಅದರಲ್ಲಿರುವ ವಿಕಿರಣಶೀಲ ಅಣುಗಳು ಸುಮಾರು 1.8 ಲಕ್ಷ ಕೋಟಿ. ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಎಲ್ಲವನ್ನೂ ತಕ್ಕಡಿಗೆ ಹಾಕಿದರೆ ಅರ್ಧ ನ್ಯಾನೋಗ್ರಾಂ. ಮೆದುಳಿಗೆ ಅವು ಬಂದದ್ದೂ ತಿಳಿಯುವುದಿಲ್ಲ.

ರಕ್ತದಲ್ಲಿರುವ ಅಸಲಿ ಸಕ್ಕರೆಯ ಕತೆ ಬೇರೆ. ಅದು ಹೆಚ್ಚಿದ್ದರೆ ಅದೇ ಬಾಗಿಲಲ್ಲಿ, ಅದೇ ಗಾಣದ ಮುಂದೆ ಎಫ್‌ಡಿಜಿಯನ್ನು ಹಿಂದಕ್ಕೆ ತಳ್ಳುತ್ತದೆ, ಚಿತ್ರ ಮಂಕಾಗುತ್ತದೆ. ನಾಲ್ಕಾರು ಗಂಟೆ ಏನೂ ತಿನ್ನದೆ ಬನ್ನಿ ಎನ್ನುವುದು, ಸೂಜಿಗೆ ಮುಂಚೆ ಬೆರಳು ಚುಚ್ಚಿ ಶುಗರ್ ನೋಡುವುದು ಇದಕ್ಕಾಗಿ. ತಂದೆಯವರಿಗೆ ಸಕ್ಕರೆ ಕಾಯಿಲೆ ಇದ್ದರೆ, ಮಾತ್ರೆ, ಇನ್ಸುಲಿನ್ ವಿಷಯ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ. ‘ಒಂದು ಲೋಟ ಕಾಫಿ ತಾನೇ’ ಎಂದು ದಾರಿಯಲ್ಲಿ ಕುಡಿಸಬೇಡಿ.

ನಕಲಿ ಜಲ್ಲೆಯ ಎಣಿಕೆಯನ್ನು ಅಸಲಿ ಕಬ್ಬಿನ ಲೆಕ್ಕಕ್ಕೆ ತಿರುಗಿಸಲು ಇನ್ನೊಂದು ತಿದ್ದುಪಡಿ ಸಂಖ್ಯೆ ಬೇಕು, ಯಾಕೆಂದರೆ ಗಾಣ ಎರಡನ್ನೂ ಒಂದೇ ಹುಮ್ಮಸ್ಸಿನಿಂದ ಎಳೆದುಕೊಳ್ಳುವುದಿಲ್ಲ. 1979ರಲ್ಲಿ ಅದನ್ನು 0.42 ಎಂದು ಹಿಡಿದಿದ್ದರು. ಆಮೇಲಿನ ಅಳತೆಗಳಲ್ಲಿ 0.65, 0.8 ಎಂಬಂಥ ಬೆಲೆಗಳೂ ಬಂದಿವೆ. ಒಂದು ಸಂಖ್ಯೆ ಬದಲಾದರೆ ಉತ್ತರ ಅರ್ಧಕ್ಕೆ ಇಳಿಯಬಹುದು! ಹಾಗಾಗಿ ‘ನಿಮ್ಮ ಮೆದುಳು ನಿಮಿಷಕ್ಕೆ ಇಷ್ಟು ಮಿಲಿಗ್ರಾಂ ತಿನ್ನುತ್ತದೆ’ ಎಂಬ ಮಾತನ್ನು ನಾನು ಅರೆಮನಸ್ಸಿನಿಂದಲೇ ಕೇಳುತ್ತೇನೆ. ಆಸ್ಪತ್ರೆಯಲ್ಲಿ ನೋಡುವುದು ಹೋಲಿಕೆಯನ್ನು. ಅದೇ ತಲೆಯಲ್ಲಿ ಈ ಭಾಗಕ್ಕಿಂತ ಆ ಭಾಗ ಮಂಕಾಗಿದೆಯೆ, ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಕಡಿಮೆಯೆ ಎಂದು. ಆಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ತಲೆಯ ಪಕ್ಕ ಮತ್ತು ಹಿಂಬದಿ ಮೇಲ್ಭಾಗ ಮಂಕಾಗಿ, ಕಣ್ಣಿನ ಕೆಲಸ ನೋಡುವ ಭಾಗ ಬಹಳ ಕಾಲ ಚೆನ್ನಾಗಿಯೇ ಇರುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಏನಿದೆ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಎಲ್ಲ ಟ್ರೇಸರ್‌ಗಳಿಗೂ ಮುಕ್ಕಾಲು ಗಂಟೆಯಲ್ಲ. ಅಮಿಲಾಯ್ಡ್ (ಆಲ್ಝೈಮರ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಗಡ್ಡೆಕಟ್ಟುವ ಪ್ರೋಟೀನ್) ನೋಡುವ ಕೆಲವಕ್ಕೆ 50 ನಿಮಿಷ, ಕೆಲವಕ್ಕೆ 90. ಅವು ಎಫ್‌ಡಿಜಿಯಂತೆ ಸಿಕ್ಕಿಬೀಳುವುದಿಲ್ಲ, ಅಂಟಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತವೆ. ಅಂಥವಕ್ಕೆ ಬೇರೆ ಗ್ರಾಫ್, ಬೇರೆ ಲೆಕ್ಕ. ಹೋಲಿಕೆಗೆ ಕಿರುಮೆದುಳನ್ನು ಇಟ್ಟುಕೊಂಡರೆ ಅಪಧಮನಿ ಚುಚ್ಚುವ ಕಷ್ಟವೂ ಎಷ್ಟೋ ಸಲ ತಪ್ಪುತ್ತದೆ.

ಇನ್ನು ಕತ್ತಲೆ, ಮೌನ. ಎಫ್‌ಡಿಜಿ ಗಾಣಕ್ಕೆ ಬೀಳುತ್ತಾ ಇರುವ ಹೊತ್ತಿನಲ್ಲಿ ಮೆದುಳು ಏನು ಮಾಡುತ್ತಿತ್ತೋ ಅದೇ ದಾಖಲಾಗುವುದು. ಮೊಬೈಲಿನಲ್ಲಿ ವಿಡಿಯೋ ನೋಡಿದರೆ ತಲೆಯ ಹಿಂಬದಿ ಹೆಚ್ಚು ಹೊಳೆಯುತ್ತದೆ. ಮಾತಾಡುತ್ತಿದ್ದರೆ ಮಾತಿನ ಭಾಗಗಳು. ಎಲ್ಲರನ್ನೂ ಒಂದೇ ಸ್ಥಿತಿಯಲ್ಲಿಟ್ಟರೆ ತಾನೇ ಹೋಲಿಕೆಗೆ ಅರ್ಥ? ಯಂತ್ರದೊಳಗೆ ಮಲಗಿದ್ದು ಉತ್ತರಪತ್ರಿಕೆ ತಿದ್ದಿದ ಹಾಗೆ. ಪರೀಕ್ಷೆ ನಡೆದದ್ದು ಆ ಕತ್ತಲ ಕೋಣೆಯಲ್ಲಿ.

ಹಾಗಾಗಿ ಯಂತ್ರದ ಕಡೆ ನಡೆಯುವಾಗ ತಂದೆಯವರು ಆಡಿದ ಮಾತಿನ ಬಗ್ಗೆ ಚಿಂತೆ ಬಿಡಿ. ಅಷ್ಟು ಹೊತ್ತಿಗೆ ರಕ್ತದಲ್ಲಿ ಉಳಿದಿದ್ದ ಎಫ್‌ಡಿಜಿ ಕಡಿಮೆ, ಗಾಣದಲ್ಲಿ ಬೀಳಬೇಕಾದದ್ದು ಬಹುಪಾಲು ಬಿದ್ದಾಗಿತ್ತು. ಇಂಜೆಕ್ಷನ್ ಆದ ಕೂಡಲೇ ಮಾತಿಗೆ ಕೂತಿದ್ದರೆ ಆಗ ಅಲ್ಲಿನವರಿಗೆ ಹೇಳಬೇಕಿತ್ತು.