ಉರಿಯೂತ: ಕಾಯುವುದೂ ಅದೇ, ಕಾಡುವುದೂ ಅದೇ

ಬೆರಳಿಗೆ ಚುಚ್ಚಿದ ಮುಳ್ಳು ಒಳಗೇ ಮುರಿದುಕೊಂಡರೆ, ಮರುದಿನದ ಹೊತ್ತಿಗೆ ಆ ಜಾಗ ಕೆಂಪಗಾಗಿ, ಬಿಸಿಯೇರಿ, ಊದಿಕೊಂಡು, ಮುಟ್ಟಿದರೆ ಜೀವ ಹೋಗುವಷ್ಟು ನೋಯುತ್ತದೆ. ವೈದ್ಯರು ಉರಿಯೂತ ಅನ್ನುವುದು ಇದನ್ನೇ. ಕೆಂಪು, ಬಿಸಿ, ಊತ, ನೋವು ಎಂಬ ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಇದೆಲ್ಲ ಮುಳ್ಳಿನ ಕಾಟ ಎಂದುಕೊಳ್ಳುತ್ತೇವೆ. ಆದರೆ ಇದರಲ್ಲಿ ಹೆಚ್ಚಿನ ಪಾಲು ಮಾಡುತ್ತಿರುವುದು ನಮ್ಮದೇ ದೇಹ.

ಚರ್ಮ ಹರಿದ ಕೂಡಲೇ ಅಲ್ಲೇ ಬೀಡುಬಿಟ್ಟಿರುವ ಮಾಸ್ಟ್ ಕೋಶಗಳು ಹಿಸ್ಟಮೀನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತವೆ. ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ನುಗ್ಗಿ ಬಂದು ಕೆಂಪೂ ಬಿಸಿಯೂ ಕಾಣಿಸುತ್ತವೆ. ನಾಳಗಳ ಗೋಡೆ ಸಡಿಲಗೊಂಡು ದ್ರವ ಸೋರುವುದರಿಂದ ಊತ. ಆ ಸಂದಿನಲ್ಲೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಸುಳಿ ಬಂದು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ, ನುಂಗಿ ತಾವೂ ಸಾಯುತ್ತವೆ. ನಾವು ಹಿಸುಕಿ ತೆಗೆಯುವ ಕೀವಿನಲ್ಲಿ ಇರುವುದು ಬಹುಪಾಲು ಇವುಗಳ ಹೆಣಗಳೇ. ಸೋಂಕು ಬಲವಾದರೆ ಈ ಕೋಶಗಳು ಹೊರಡಿಸುವ ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನ್‌ಗಳು ಮೆದುಳಿಗೂ ಸುದ್ದಿ ಮುಟ್ಟಿಸುತ್ತವೆ, ಆಗ ಜ್ವರ ಬರುತ್ತದೆ.

ಇದೆಲ್ಲ ದೇಹದ ಕಾವಲು ಎಂಬ ಸುಳಿವು ಸಿಕ್ಕಿದ್ದು 1882ರಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ. ಇಲ್ಯಾ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಉರಿಯೂತವೆಂದರೆ ಕಾಯಿಲೆಯಲ್ಲ, ಕಾಯಿಲೆಯ ವಿರುದ್ಧದ ಹೋರಾಟ ಎಂದು ಅವರು ವಾದಿಸಿದರು. 1908ರಲ್ಲಿ ಅವರಿಗೂ ಪಾಲ್ ಎರ್ಲಿಕ್ ಅವರಿಗೂ ಒಟ್ಟಿಗೆ ನೊಬೆಲ್ ಬಂತು.

ಆದರೆ ನ್ಯೂಟ್ರೋಫಿಲ್‌ಗಳು ಒರಟು ಕಾವಲುಗಾರರು. ಇಂಥದೇ ವೈರಸ್ ಎಂದು ಗುರುತು ಹಿಡಿದು, ನೆನಪಿಟ್ಟುಕೊಂಡು, ಮತ್ತೆ ಬಂದಾಗ ಬೇಗ ಎದ್ದೇಳುವುದು ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಕೆಲಸ. ಅವುಗಳಲ್ಲಿ ಬಿ ಕೋಶಗಳು ವೈರಿಗೆ ಅಂಟಿಕೊಳ್ಳುವ ಪ್ರತಿಕಾಯ ಎಂಬ ಪ್ರೋಟೀನ್‌ಗಳನ್ನು ತಯಾರಿಸುತ್ತವೆ, ಟಿ ಕೋಶಗಳಲ್ಲಿ ಕೆಲವು ಸೋಂಕು ತಗಲಿದ ಕೋಶಗಳನ್ನೇ ಕೊಲ್ಲುತ್ತವೆ. ಜಗತ್ತಿನಲ್ಲಿ ಇನ್ನೂ ಹುಟ್ಟಿಯೇ ಇಲ್ಲದ ವೈರಸ್ಸಿಗೂ ಇವುಗಳಲ್ಲಿ ಉತ್ತರ ಸಿಗುವುದು ಹೇಗೆ? ಈ ಕೋಶಗಳು ಬೆಳೆಯುವಾಗ ತಮ್ಮ ಗ್ರಾಹಕಗಳ, ಅಂದರೆ ವೈರಿಯನ್ನು ಗುರುತು ಹಿಡಿಯಲು ಮೈಮೇಲೆ ಇಟ್ಟುಕೊಂಡ ಪ್ರೋಟೀನ್‌ಗಳ, ಜೀನ್ ತುಣುಕುಗಳನ್ನು ಮನಬಂದಂತೆ ಕಲಸಿ ಜೋಡಿಸಿಕೊಳ್ಳುತ್ತವೆ. ಹಾಗಾಗಿ ಲೆಕ್ಕವಿಲ್ಲದಷ್ಟು ಬಗೆಯ ಗ್ರಾಹಕಗಳು ಹುಟ್ಟುತ್ತವೆ. ಅಪಾಯ ಇರುವುದೂ ಇಲ್ಲೇ: ಮನಬಂದಂತೆ ಹುಟ್ಟಿದವುಗಳಲ್ಲಿ ಕೆಲವು ನಮ್ಮದೇ ಅಂಗಾಂಶಕ್ಕೆ ಅಂಟಿಕೊಳ್ಳುತ್ತವೆ.

ಇದಕ್ಕೆ ದೇಹ ಎರಡು ಕಡಿವಾಣ ಇಟ್ಟುಕೊಂಡಿದೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಎಳೆಯ ಟಿ ಕೋಶಗಳ ಪರೀಕ್ಷೆ ನಡೆಯುತ್ತದೆ. ಬಹುಪಾಲು ಕೋಶಗಳು ಅಲ್ಲಿಂದ ಜೀವಂತವಾಗಿ ಹೊರಬರುವುದೇ ಇಲ್ಲ. ಹಾಗೂ ಕಣ್ತಪ್ಪಿಸಿ ಬಂದವುಗಳನ್ನು ನಿಯಂತ್ರಕ ಟಿ ಕೋಶಗಳು ಹದ್ದುಬಸ್ತಿನಲ್ಲಿ ಇಡುತ್ತವೆ. ಈ ಎರಡನೆಯ ಕಡಿವಾಣವನ್ನು ತೋರಿಸಿಕೊಟ್ಟ ಶಿಮೊನ್ ಸಕಾಗುಚಿ, ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಸಂದಿತು. ಈ ಕಡಿವಾಣಗಳು ಸಡಿಲಗೊಂಡು ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿಬಿದ್ದಾಗ ಬರುವುದೇ ಆಟೋಇಮ್ಯೂನ್ ಕಾಯಿಲೆ.

ದೇಹ ತನ್ನನ್ನು ತಾನೇ ಹೀಗೆ ಸುಡಲಾರದು ಎಂದು ವಿಜ್ಞಾನಿಗಳು ಬಹಳ ಕಾಲ ನಂಬಿದ್ದರು. ಹಾಗೆಂದು ಹೇಳಿದ್ದ ಎರ್ಲಿಕ್ ಮಾತಿಗೆ ಅಷ್ಟು ತೂಕವಿತ್ತು. 1956ರಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್ಸ್ಕಿ ಮೊಲಗಳಿಗೆ ಮೊಲದ್ದೇ ಥೈರಾಯ್ಡ್ ಸಾರವನ್ನು ಚುಚ್ಚಿ, ಅವುಗಳ ಥೈರಾಯ್ಡಿನಲ್ಲಿ ಉರಿಯೂತ ಏಳುವುದನ್ನು ತೋರಿಸಿದರು. ಅದೇ ವರ್ಷ ಲಂಡನ್ನಿನ ತಂಡವೊಂದು ಹಶಿಮೊಟೊ ಎಂಬ ಥೈರಾಯ್ಡ್ ಕಾಯಿಲೆಯವರ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಕಂಡಿತು. ಆಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಬಲಿಯಾಗುತ್ತವೆ. ಲೂಪಸ್‌ನಲ್ಲಿ ಚರ್ಮ, ಕೀಲು, ಮೂತ್ರಪಿಂಡ ಯಾವುದೂ ತಪ್ಪಿಸಿಕೊಳ್ಳುವ ಖಾತ್ರಿಯಿಲ್ಲ. ಅದು ಬಂದ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ರುಮಟಾಯ್ಡ್ ಸಂಧಿವಾತ ಇರುವವರ ಕೈಗಳನ್ನು ಬೆಳಿಗ್ಗೆ ನೋಡಬೇಕು. ಎರಡೂ ಕೈಗಳ ಬೆರಳ ಗೆಣ್ಣುಗಳು ಒಂದೇ ರೀತಿ ಊದಿರುತ್ತವೆ. ಮುಷ್ಟಿ ಕಟ್ಟಲಾಗುವುದಿಲ್ಲ, ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ಬಿಗಿತ ಬಿಡಲು ಗಂಟೆ ದಾಟುವುದುಂಟು. ಮುಳ್ಳು ಚುಚ್ಚಿದ ಬೆರಳಿನಲ್ಲಿ ಕಂಡ ಅದೇ ಊತ, ಅದೇ ಬಿಸಿ, ಅದೇ ನೋವು. ಮುಳ್ಳು ಮಾತ್ರ ಇಲ್ಲ. ಕೀಳಲು ಮುಳ್ಳಿಲ್ಲದ ಕಾರಣ ಉರಿಯೂತ ತಾನಾಗಿ ಆರುವುದೂ ಇಲ್ಲ. ತಿಂಗಳುಗಟ್ಟಲೆ ಉರಿದು ಮೂಳೆತುದಿಯ ಮೆತ್ತೆಯಂಥ ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುತ್ತದೆ. ಇಲ್ಲಿ ಆಂಟಿಬಯಾಟಿಕ್‌ಗೆ ಕೆಲಸವಿಲ್ಲ. ನೋವಿನ ಮಾತ್ರೆ ನುಂಗಿ ದಿನ ತಳ್ಳುತ್ತಿರುವವರು ಬೇಗ ತಜ್ಞರ ಬಳಿ ಹೋಗಲಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ. ಒಮ್ಮೆ ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ.

ಕಡಿವಾಣ ಯಾಕೆ ಸಡಿಲಾಗುತ್ತದೆ? ಆನುವಂಶಿಕ ಒಲವು ಒಂದು ಕಾರಣ, ಆದರೆ ಸೋಂಕಿನ ಪಾತ್ರವೂ ಇದೆ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ಕೆಟ್ಟ ಕೆಲವು ಮಕ್ಕಳಿಗೆ ಎರಡು ಮೂರು ವಾರಗಳಲ್ಲಿ ಕೀಲುನೋವು, ಜ್ವರ ಬಂದು ಹೃದಯದ ಕವಾಟಗಳು ಹಾಳಾಗುತ್ತವೆ. ಆ ಬ್ಯಾಕ್ಟೀರಿಯಾದ ಪ್ರೋಟೀನ್‌ಗೂ ಹೃದಯದ ಪ್ರೋಟೀನ್‌ಗೂ ಹೋಲಿಕೆ ಇರುವುದರಿಂದ ಗುರಿ ತಪ್ಪುತ್ತದೆ. ಇದೇ ರುಮಾಟಿಕ್ ಜ್ವರ. ಗಂಟಲುನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ಇದನ್ನು ತಡೆಯಬಹುದು.

ಹೀಗಿರುವಾಗ ‘ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ’ ಎಂಬ ಜಾಹೀರಾತುಗಳ ಮಾತು ನನಗೆ ತೀರಾ ಅರೆಬರೆ ಅನ್ನಿಸುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಬೇಕಾದದ್ದು ಬರೀ ಬಲವಲ್ಲ, ವಿವೇಚನೆ: ಯಾರನ್ನು ಹೊಡೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದು.

ಚಿಕಿತ್ಸೆಯಲ್ಲೂ ಇದೇ ಇಕ್ಕಟ್ಟು. ಟಿಎನ್‌ಎಫ್ ಎಂಬ ಸೈಟೊಕೈನ್ ರುಮಟಾಯ್ಡ್ ಕೀಲುಗಳಲ್ಲಿ ಉರಿಯೂತವನ್ನು ಕೆರಳಿಸುತ್ತದೆ. ಅದನ್ನು ತಡೆಯುವ ಇಂಜೆಕ್ಷನ್‌ಗಳು ಎಷ್ಟೋ ಜನರ ಕೈಕಾಲುಗಳನ್ನು ಉಳಿಸಿವೆ. ಆದರೆ ಎಂದೋ ಶ್ವಾಸಕೋಶ ಸೇರಿದ ಕ್ಷಯದ ಬ್ಯಾಕ್ಟೀರಿಯಾಗಳ ಸುತ್ತ ಬಿಳಿ ರಕ್ತಕಣಗಳ ಗೋಡೆ ಕಟ್ಟಿ, ಅವು ಹೊರಬರದಂತೆ ನೋಡಿಕೊಳ್ಳುವುದಕ್ಕೂ ಅದೇ ಟಿಎನ್‌ಎಫ್ ಬೇಕು. ಔಷಧ ಅದನ್ನು ತಡೆದರೆ ಗೋಡೆ ಕುಸಿದು ಕ್ಷಯ ಎದ್ದುಬಿಡಬಹುದು. ಅದಕ್ಕೇ ಕೀಲುನೋವಿಗೆ ಈ ಇಂಜೆಕ್ಷನ್ ಶುರುಮಾಡುವ ಮುಂಚೆ ವೈದ್ಯರು ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅನ್ನುವುದು.