ರೇಸ್ ಕಾರಿನ ಸ್ಟೀರಿಂಗ್ ಇಷ್ಟು ಜಟಿಲವೂ ದುಬಾರಿಯೂ ಆದದ್ದು ಹೇಗೆ?

ಫಾರ್ಮುಲಾ ಒನ್ ಕಾರಿನ ಒಂದು ಸ್ಟೀರಿಂಗ್‌ಗೆ 50 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ ಖರ್ಚಾಗುತ್ತದೆ ಎಂಬುದು ಮೋಟಾರು ಕ್ರೀಡೆಯ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂದಾಜು. ತಂಡಗಳು ಈ ಲೆಕ್ಕವನ್ನು ಬಹಿರಂಗಪಡಿಸುವುದಿಲ್ಲ. ಕನಿಷ್ಠ ಮೊತ್ತವನ್ನೇ ಹಿಡಿದರೂ ನಮ್ಮ ರೂಪಾಯಿಯಲ್ಲಿ ಅದು 40 ಲಕ್ಷವನ್ನು ದಾಟುತ್ತದೆ. ಇದನ್ನು ಕೇಳಿದವರಿಗೆ ಹಣವಂತರ ಕ್ರೀಡೆಯ ಶೋಕಿ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ಸ್ಟೀರಿಂಗ್‌ನ ಮೇಲಿರುವ ಇಪ್ಪತ್ತಕ್ಕೂ ಹೆಚ್ಚು ಗುಂಡಿ ಮತ್ತು ತಿರುಗುವ ಸ್ವಿಚ್‌ಗಳು ಯಾವಾಗ, ಏಕೆ ಬಂದವು ಎಂದು ಹುಡುಕುತ್ತಾ ಹೋದರೆ, ಅವುಗಳಲ್ಲಿ ಬಹುಪಾಲಿನ ಹಿಂದೆ ಕ್ರೀಡೆಯ ನಿಯಮಗಳೇ ಇರುವುದು ತಿಳಿಯುತ್ತದೆ.

1950ರ ದಶಕದಲ್ಲಿ ಜುವಾನ್ ಮ್ಯಾನುಯೆಲ್ ಫಾಂಜಿಯೊ ಅವರಂಥ ಚಾಲಕರು ಹಿಡಿಯುತ್ತಿದ್ದದ್ದು ಮರದ ಅಂಚಿನ, ಲೋಹದ ಕಡ್ಡಿಗಳ ದೊಡ್ಡ ಚಕ್ರವನ್ನು. ಪವರ್ ಸ್ಟೀರಿಂಗ್ ಇಲ್ಲದ ಆ ಕಾಲದಲ್ಲಿ ಕಾರನ್ನು ತಿರುಗಿಸುತ್ತಿದ್ದದ್ದು ತೋಳ್ಬಲವೇ ಆದ್ದರಿಂದ ಚಕ್ರ ದೊಡ್ಡದಾಗಿದ್ದಷ್ಟೂ ಅನುಕೂಲವಿತ್ತು. 1962ರಲ್ಲಿ ಬಂದ ಲೋಟಸ್ 25 ಕಾರಿನಲ್ಲಿ ಚಾಲಕ ಹೆಚ್ಚುಕಡಿಮೆ ಮಲಗಿಯೇ ಓಡಿಸಬೇಕಾಯಿತು; ಕೂರುವ ಜಾಗ ಕಿರಿದಾದಂತೆ ಸ್ಟೀರಿಂಗ್ ಕೂಡ ಚಿಕ್ಕದಾಯಿತು, ಮರದ ಬದಲು ಚರ್ಮದ ಹೊದಿಕೆ ಬಂತು. ಅಲ್ಲಿಂದ ಮುಂದಿನ ಕಾಲು ಶತಮಾನದಲ್ಲಿ ಅದರ ಮೇಲೆ ಬೆರಳೆಣಿಕೆಯ ಗುಂಡಿಗಳ ಹೊರತು ಹೆಚ್ಚೇನೂ ಸೇರಲಿಲ್ಲ.

ದೊಡ್ಡ ತಿರುವು ಬಂದದ್ದು 1989ರಲ್ಲಿ. ಅದುವರೆಗೆ ಗೇರ್ ಬದಲಿಸಲು ಚಾಲಕ ಒಂದು ಕೈಯನ್ನು ಸ್ಟೀರಿಂಗ್‌ನಿಂದ ತೆಗೆಯಲೇಬೇಕಿತ್ತು. ಗೇರ್ ಲಿವರ್‌ಗೂ ಅದನ್ನು ಹಿಡಿದ ಕೈಯ ಚಲನೆಗೂ ಕಾಕ್‌ಪಿಟ್‌ನಲ್ಲಿ ಜಾಗ ಬಿಡಬೇಕಿತ್ತು. ಫೆರಾರಿಯ ವಿನ್ಯಾಸಕಾರ ಜಾನ್ ಬರ್ನಾರ್ಡ್ ಆ ಲಿವರನ್ನೇ ತೆಗೆದುಹಾಕಿ, ಸ್ಟೀರಿಂಗ್‌ನ ಹಿಂಬದಿಯಲ್ಲಿ ಎರಡು ಪ್ಯಾಡಲ್‌ಗಳನ್ನಿಟ್ಟರು. ಬೆರಳಿನಿಂದ ಎಳೆದರೆ ವಿದ್ಯುತ್ ಸಂಕೇತ ಹೋಗಿ, ಹೈಡ್ರಾಲಿಕ್ ವ್ಯವಸ್ಥೆ ಗೇರ್ ಬದಲಿಸುತ್ತಿತ್ತು. ಪರೀಕ್ಷೆಗಳಲ್ಲಿ ಪದೇ ಪದೇ ಕೆಟ್ಟು ನಿಂತಿದ್ದ ಆ ಫೆರಾರಿ 640 ಓಟವನ್ನು ಪೂರ್ತಿ ಮಾಡೀತೆಂಬ ಭರವಸೆ ಸ್ವತಃ ತಂಡಕ್ಕೇ ಇರಲಿಲ್ಲ. ಆದರೂ ಬ್ರೆಜಿಲ್‌ನ ಜಕಾರೆಪಗ್ವಾದಲ್ಲಿ ನಡೆದ ಮೊದಲ ಓಟದಲ್ಲೇ ನೈಜೆಲ್ ಮ್ಯಾನ್ಸೆಲ್ ಗೆದ್ದರು, ಅದೂ ನಡುವೆ ಪಿಟ್‌ಗೆ (ಹಾದಿಯ ಬದಿಯಲ್ಲಿ ತಂಡದವರು ಕಾರನ್ನು ಸರಿಪಡಿಸುವ ಜಾಗ) ಬಂದು ಸ್ಟೀರಿಂಗನ್ನೇ ಬದಲಿಸಿಕೊಂಡು ಹೋಗಿ. ಕೆಲವೇ ವರ್ಷಗಳಲ್ಲಿ ಉಳಿದ ತಂಡಗಳೂ ಇದೇ ದಾರಿ ಹಿಡಿದವು. ಒಮ್ಮೆ ಸ್ಟೀರಿಂಗ್‌ನೊಳಗೆ ವಿದ್ಯುತ್ ತಂತಿ ಬಂದ ಮೇಲೆ ಅದರ ಜೊತೆಗೆ ಮತ್ತೆಷ್ಟು ತಂತಿಗಳನ್ನು ಬೇಕಾದರೂ ತರಬಹುದಿತ್ತು.

ಹಾಗೆ ತರಲೇಬೇಕಾದ ಒತ್ತಡ ಹುಟ್ಟಿದ್ದು ನಿಯಮಗಳಿಂದ. 2002ರಲ್ಲಿ ಪಿಟ್‌ನಲ್ಲಿ ಕುಳಿತ ಎಂಜಿನಿಯರ್‌ಗಳು ಓಡುತ್ತಿರುವ ಕಾರಿನ ಸೆಟ್ಟಿಂಗ್‌ಗಳನ್ನು ಅಲ್ಲಿಂದಲೇ ಬದಲಿಸಲು ಅವಕಾಶವಿತ್ತು. ಮರುವರ್ಷವೇ ಅದಕ್ಕೆ ನಿಷೇಧ ಬಂತು. ಇಂದಿಗೂ ಕಾರಿನಿಂದ ಪಿಟ್‌ಗೆ ಮಾಹಿತಿ ಎಡೆಬಿಡದೆ ಹರಿಯುತ್ತದೆ, ಆದರೆ ಪಿಟ್‌ನಿಂದ ಕಾರಿಗೆ ಒಂದು ಆಜ್ಞೆಯೂ ಹೋಗುವಂತಿಲ್ಲ. ಎಂಜಿನಿಯರ್ ದೋಷವನ್ನು ಕಂಡು ರೇಡಿಯೊದಲ್ಲಿ ಹೇಳಬಹುದು, ಸ್ವಿಚ್ ತಿರುಗಿಸುವವನು ಮಾತ್ರ ಚಾಲಕನೇ. 2008ರಲ್ಲಿ ಚಕ್ರಗಳು ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ನಿಷೇಧವಾದಾಗ, ಕಂಪ್ಯೂಟರ್ ಮಾಡುತ್ತಿದ್ದ ಇನ್ನೊಂದು ಕೆಲಸವೂ ಚಾಲಕನ ಪಾಲಿಗೆ ಬಂತು. ತಿರುವಿಗೆ ನುಗ್ಗುವಾಗ, ನಡುವಿನಲ್ಲಿ, ಹೊರಬರುವಾಗ ಹಿಂದಿನ ಎರಡು ಚಕ್ರಗಳು ಎಷ್ಟರಮಟ್ಟಿಗೆ ಬೇರೆ ಬೇರೆ ವೇಗದಲ್ಲಿ ಸುತ್ತಬೇಕು, ಬ್ರೇಕಿನ ಬಲ ಮುಂದಕ್ಕೆಷ್ಟು ಹಿಂದಕ್ಕೆಷ್ಟು ಎಂಬುದನ್ನು ಆತ ಸುತ್ತು ಸುತ್ತಿಗೂ, ಎಷ್ಟೋ ವೇಳೆ ತಿರುವು ತಿರುವಿಗೂ ಹೊಂದಿಸಿಕೊಳ್ಳುತ್ತಾನೆ. 2011ರಲ್ಲಿ ಗಾಳಿಯ ತಡೆ ತಗ್ಗಿಸಲು ಹಿಂದಿನ ರೆಕ್ಕೆಯನ್ನು ತೆರೆಯುವ ಡಿಆರ್‌ಎಸ್ ಗುಂಡಿ ಸೇರಿತು. 2014ರ ಹೈಬ್ರಿಡ್ ಎಂಜಿನ್‌ಗಳ ಜೊತೆಗೆ ಬ್ಯಾಟರಿಯ ಶಕ್ತಿಯನ್ನು ಎಲ್ಲಿ ಕೂಡಿಡಬೇಕು, ಎಲ್ಲಿ ಖರ್ಚು ಮಾಡಬೇಕು ಎಂಬ ಲೆಕ್ಕವೂ, ಅದನ್ನು ತೋರಿಸುವ 4.3 ಇಂಚಿನ ಪರದೆಯೂ ಬಂದವು.

ಈ ಹೊರೆ ಎಂಥದ್ದೆಂದು ಅಜರ್‌ಬೈಜಾನ್‌ನ ಬಾಕು ನಗರದ ಎರಡು ಓಟಗಳು ತೋರಿಸಿಕೊಟ್ಟವು. ಚಾಲಕ ಯಾರ ನೆರವೂ ಇಲ್ಲದೆ ಓಡಿಸಬೇಕೆಂಬ ನಿಯಮವನ್ನು 2016ರಲ್ಲಿ ಬಿಗಿಯಾಗಿ ಜಾರಿಗೆ ತಂದು, ರೇಡಿಯೊ ಸಲಹೆಗೂ ಕಡಿವಾಣ ಹಾಕಲಾಗಿತ್ತು. ಆಗ ಮರ್ಸಿಡಿಸ್ ತಂಡದಲ್ಲಿದ್ದ ಚಾಲಕ ಲೂಯಿಸ್ ಹ್ಯಾಮಿಲ್ಟನ್ ಅವರ ಕಾರು ತಪ್ಪು ಎಂಜಿನ್ ಸೆಟ್ಟಿಂಗ್‌ನಲ್ಲಿ ಸಿಕ್ಕಿಕೊಂಡು ಶಕ್ತಿ ಕಳೆದುಕೊಳ್ಳುತ್ತಿತ್ತು. ತಪ್ಪು ಎಲ್ಲಿದೆಯೆಂದು ತಂಡಕ್ಕೆ ಗೊತ್ತಿತ್ತು, ಹೇಳುವಂತಿರಲಿಲ್ಲ. ಎರಡೂ ಬದಿ ಗೋಡೆಗಳಿರುವ ಬೀದಿಯಲ್ಲಿ ಗಂಟೆಗೆ 300 ಕಿಲೋಮೀಟರ್ ದಾಟಿದ ವೇಗದಲ್ಲಿ ಅವರು ತಲೆ ತಗ್ಗಿಸಿ ಒಂದೊಂದೇ ಸ್ವಿಚ್ ತಿರುಗಿಸಿ ನೋಡುತ್ತಾ ಹೋದರು. ನನ್ನ ಮಟ್ಟಿಗೆ ಅದು ಚಾಲನಾ ಕೌಶಲದ ಪರೀಕ್ಷೆಯಾಗಿರಲಿಲ್ಲ, ಅಪಾಯವನ್ನು ಆಹ್ವಾನಿಸುವ ನಿಯಮವಾಗಿತ್ತು. ಅದೇ ವರ್ಷದ ಜುಲೈ ಅಂತ್ಯದ ಜರ್ಮನಿ ಓಟದ ಹೊತ್ತಿಗೆ ಆ ನಿರ್ಬಂಧವನ್ನು ಬಹುಮಟ್ಟಿಗೆ ಹಿಂತೆಗೆದುಕೊಂಡದ್ದು ಸರಿಯಾಗಿಯೇ ಇತ್ತು.

2021ರಲ್ಲಿ ಅದೇ ಬಾಕುವಿನಲ್ಲಿ, ಕೊನೆಯ ಎರಡು ಸುತ್ತುಗಳಿಗಾಗಿ ಓಟ ಮತ್ತೆ ಆರಂಭವಾದಾಗ, ಪಕ್ಕಕ್ಕೆ ಸರಿದ ಸೆರ್ಗಿಯೊ ಪೆರೆಜ್ ಅವರ ಕಾರಿನಿಂದ ತಪ್ಪಿಸಿಕೊಳ್ಳುವ ಕ್ಷಣದಲ್ಲಿ ಹ್ಯಾಮಿಲ್ಟನ್ ಅವರ ಕೈ ಅರಿವಿಲ್ಲದೆ ಒಂದು ಗುಂಡಿಗೆ ತಗುಲಿತು. ಮುಂದಿನ ಟೈರ್‌ಗಳನ್ನು ಬಿಸಿ ಮಾಡಲೆಂದು ಬ್ರೇಕಿನ ಬಲವನ್ನು ವಿಪರೀತ ಮುಂದಕ್ಕೆ ತಳ್ಳುವ ಗುಂಡಿ ಅದು. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದೊಡನೆ ಮುಂದಿನ ಚಕ್ರಗಳು ಬಿಗಿದುಕೊಂಡವು, ಕಾರು ನೇರವಾಗಿ ಹೊರಗೆ ಹೋಯಿತು. ಎರಡನೆಯ ಸ್ಥಾನ ಉಳಿಸಿಕೊಂಡಿದ್ದರೂ 18 ಅಂಕ ಸಿಗುತ್ತಿತ್ತು. 15ನೆಯವರಾಗಿ ಮುಗಿಸಿದ ಅವರಿಗೆ ಸಿಕ್ಕಿದ್ದು ಸೊನ್ನೆ. ಆ ವರ್ಷದ ಚಾಂಪಿಯನ್ ಪಟ್ಟ ಅವರ ಕೈತಪ್ಪಿದ್ದು 8 ಅಂಕಗಳಿಂದ.

ಬೆಲೆಯ ಮೂಲವೂ ಇಲ್ಲಿಯೇ ಇದೆ. ಗುಂಡಿಗಳು ಕೈಗವಸು ತೊಟ್ಟ ಬೆರಳಿಗೆ ನಿಖರವಾಗಿ ಸಿಗಬೇಕು, ಆದರೆ ಆಕಸ್ಮಿಕವಾಗಿ ಒತ್ತಿಹೋಗಬಾರದು. ಕಾರಿನ ಅದುರು, ಬೆವರು, ಮಳೆ ಎಲ್ಲವನ್ನೂ ತಡೆದುಕೊಳ್ಳಬೇಕು. ಅಪಘಾತವಾದಾಗ ಚಾಲಕ ಅದನ್ನು ತಟ್ಟನೆ ಕಳಚಿ ಹೊರಬರಬೇಕಾದ್ದರಿಂದ, ಹತ್ತಾರು ಸಂಪರ್ಕಗಳಿರುವ ಕನೆಕ್ಟರ್ ಪ್ರತಿ ಸಲ ಕಳಚಿ ಜೋಡಿಸಿದಾಗಲೂ ತಪ್ಪದೆ ಕೂರಬೇಕು. ಕಾರ್ಬನ್ ಫೈಬರ್ ಚೌಕಟ್ಟಿನ ಹಿಡಿಗಳನ್ನು ಆಯಾ ಚಾಲಕನ ಅಂಗೈಗೆ ಹೊಂದುವಂತೆ ರೂಪಿಸುತ್ತಾರೆ. ರ‍್ಯಾಲಿ ಅಪಘಾತದಲ್ಲಿ ಬಲಗೈಗೆ ತೀವ್ರ ಗಾಯವಾಗಿದ್ದ ರಾಬರ್ಟ್ ಕುಬಿತ್ಸಾ 2019ರಲ್ಲಿ ವಿಲಿಯಮ್ಸ್ ತಂಡದ ಮೂಲಕ ಫಾರ್ಮುಲಾ ಒನ್‌ಗೆ ಮರಳಿದಾಗ, ಒಂದೇ ಕೈಯಲ್ಲಿ ಗೇರ್ ಬದಲಿಸಬಲ್ಲ ಸ್ಟೀರಿಂಗನ್ನು ಅವರಿಗಾಗಿ ಸಿದ್ಧಪಡಿಸಲಾಗಿತ್ತು. ಇಷ್ಟೆಲ್ಲ ಶ್ರಮದಿಂದ ತಯಾರಾಗುವ ಪ್ರತಿಗಳು ಕೆಲವೇ ಆದ್ದರಿಂದ ವಿನ್ಯಾಸ ಮತ್ತು ಪರೀಕ್ಷೆಯ ಖರ್ಚೆಲ್ಲ ಆ ಕೆಲವೇ ಪ್ರತಿಗಳ ಮೇಲೆ ಬೀಳುತ್ತದೆ. ಬೆಂಗಳೂರಿನ ಕುಶ್ ಮೈನಿ ಸ್ಪರ್ಧಿಸಿರುವ, ಫಾರ್ಮುಲಾ ಒನ್‌ಗಿಂತ ಒಂದು ಹಂತ ಕೆಳಗಿನ ಫಾರ್ಮುಲಾ ಟೂನಲ್ಲಿ ಎಲ್ಲ ತಂಡಗಳಿಗೂ ಒಂದೇ ಮಾದರಿಯ ಕಾರು ಇರುವುದರಿಂದ ಇಂಥ ಪೈಪೋಟಿಗೆ ಆಸ್ಪದವಿಲ್ಲ.

2026ರ ನಿಯಮಗಳು ಚಾಲಕನ ಕೈಗೆ ಮತ್ತಷ್ಟು ಕೆಲಸ ಕೊಟ್ಟಿವೆ. ಡಿಆರ್‌ಎಸ್ ಹೋಗಿ, ನೇರ ಹಾದಿಯಲ್ಲಿ ಒಂದು ಬಗೆ, ತಿರುವಿನಲ್ಲಿ ಇನ್ನೊಂದು ಬಗೆಯಾಗಿ ಹೊಂದಿಕೊಳ್ಳುವ ಮುಂದಿನ ಮತ್ತು ಹಿಂದಿನ ರೆಕ್ಕೆಗಳು ಬಂದಿವೆ. ಕಾರಿನ ಶಕ್ತಿಯಲ್ಲಿ ಸರಿಸುಮಾರು ಅರ್ಧದಷ್ಟು ಈಗ ವಿದ್ಯುತ್ತಿನದು, ಮುಂದಿನ ಕಾರನ್ನು ಹಿಂದಿಕ್ಕಲು ಹೆಚ್ಚುವರಿ ವಿದ್ಯುತ್ ಪಡೆಯುವ ವ್ಯವಸ್ಥೆಯೂ ಇದೆ. ಅದನ್ನು ಯಾವ ತಿರುವಿನ ನಂತರ ಬಳಸಬೇಕು, ಯಾವಾಗ ಉಳಿಸಿಕೊಳ್ಳಬೇಕು ಎಂಬ ತೀರ್ಮಾನವನ್ನು ಚಾಲಕ ಓಡಿಸುತ್ತಲೇ ತೆಗೆದುಕೊಳ್ಳಬೇಕು.