ಸಮುದ್ರ ಪಕ್ಕದಲ್ಲೇ ಇದೆಯಲ್ಲಾ ಸಾರ್!

ಮಂಗಳೂರಿನಲ್ಲಿ ಲೇಔಟ್ ಪ್ಲಾನ್ ಮಾಡಿಕೊಡುವ ಕೆಲಸ ನನ್ನದು. ಬರುವವರು ತಗ್ಗಿನ ಗದ್ದೆ ಕೊಂಡಿರುತ್ತಾರೆ. ಗದ್ದೆಯನ್ನು ಮನೆ ಜಾಗ ಮಾಡುವ ಕನ್ವರ್ಷನ್ ಆಗಿರುತ್ತದೆ, ಮಣ್ಣು ತುಂಬಿಸಲು ಟಿಪ್ಪರಿನವನಿಗೆ ಹೇಳಿಯೂ ಆಗಿರುತ್ತದೆ. ಇಲ್ಲಿ ಬೀಳುವ ಮಳೆನೀರು ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ ಪಡುವಣಕ್ಕೆ ಕೈ ತೋರಿಸುತ್ತಾರೆ. "ಸಮುದ್ರ ಪಕ್ಕದಲ್ಲೇ ಇದೆಯಲ್ಲಾ ಸಾರ್!"

ಪಕ್ಕದಲ್ಲೇ ಇದೆ, ಹೌದು. ತೊಂದರೆ ಆಗುವುದೂ ಅದರಿಂದಲೇ.

ಮಳೆನೀರು ಹರಿಯುವ ನಮ್ಮ ಊರಿನ ತೋಡುಗಳು, ಅಂದರೆ ಸಣ್ಣ ಹಳ್ಳಗಳು, ಹೆಚ್ಚಿನವು ನೇರ ಸಮುದ್ರಕ್ಕೆ ಹೋಗುವುದಿಲ್ಲ. ಪಂಪ್‌ವೆಲ್ ಕಡೆಯ ನೀರು ಜೆಪ್ಪಿನಮೊಗರಿನತ್ತ ಇಳಿದು ನೇತ್ರಾವತಿ ಸೇರುತ್ತದೆ. ಕೊಟ್ಟಾರ ಕಡೆಯದು ಗುರುಪುರ ನದಿಗೆ. ಎರಡೂ ನದಿ ಬೆಂಗ್ರೆಯ ಮರಳ ದಿಣ್ಣೆಯ ಹಿಂದೆ ಕೂಡಿ, ಸಮುದ್ರ ಸೇರುವ ಒಂದೇ ಬಾಯಿಯಲ್ಲಿ, ಅಂದರೆ ಅಳಿವೆಯಲ್ಲಿ, ಹೊರಗೆ ಹೋಗಬೇಕು. ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ಅಳಿವೆಯ ನೀರು ಏರುತ್ತದೆ, ಅದರ ಹಿಂದೆ ನದಿಯೂ ಏರುತ್ತದೆ. ಆಗ ತೋಡಿನ ನೀರು ಹೊರಗೆ ಹೋಗಲಾರದು. ಕೆಲವು ಕಡೆ ಹಿಂದಕ್ಕೇ ಹರಿಯುತ್ತದೆ. ಏರಲು ಆರು ಗಂಟೆ, ಇಳಿಯಲು ಆರು ಗಂಟೆ. ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಜಾಸ್ತಿ. ಮಳೆಗಾಲದಲ್ಲಾದರೆ ಘಟ್ಟದ ನೀರೂ ಸೇರಿಕೊಳ್ಳುತ್ತದೆ. ಜೋರು ಮಳೆ ಉಬ್ಬರದ ಹೊತ್ತಿಗೇ ಬಂದರೆ ನೀರು ಎಲ್ಲಾದರೂ ಕಾಯಬೇಕಷ್ಟೆ.

ಈ "ಕಾಯಬೇಕು" ಅನ್ನುವುದೇ ಯಾರ ತಲೆಗೂ ಹೋಗುವುದಿಲ್ಲ. ತೋಡು ಅಗಲ ಮಾಡಿ, ಕಾಂಕ್ರೀಟ್ ಗೋಡೆ ಕಟ್ಟಿ ಅನ್ನುತ್ತಾರೆ. ಪೈಪ್ ಎಷ್ಟೇ ದೊಡ್ಡದಿರಲಿ, ಆಚೆ ತುದಿ ತುಂಬಿದ್ದರೆ ನೀರು ಹೋಗುವುದು ಹೇಗೆ? ಕೆಲವು ಜಾಗದಲ್ಲಿ ಅಗಲ ಮಾಡಿದ ತೋಡು ಉಬ್ಬರದ ನೀರಿಗೇ ದಾರಿ ಮಾಡಿಕೊಡಬಹುದು. ಎಲ್ಲಾ ಕಡೆ ಹಾಗೇ ಅಂತ ಹೇಳುವುದಿಲ್ಲ, ಲೆವೆಲ್ ನೋಡದೆ ನಾನು ಯಾರಿಗೂ ಭರವಸೆ ಕೊಡುವವನಲ್ಲ.

ಹಿರಿಯರು ಗದ್ದೆಯನ್ನು ಬೆಟ್ಟು, ಮಜಲು, ಬೈಲು ಅಂತ ಸುಮ್ನೆ ವಿಂಗಡಿಸಿರಲಿಲ್ಲ. ಎತ್ತರದ ಬೆಟ್ಟಿನಲ್ಲಿ ಒಂದು ಬೆಳೆ, ನಡುವಿನ ಮಜಲಿನಲ್ಲಿ ಎರಡು. ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು. ಅಂದರೆ ನೀರು ಬಂದು ಕೂರುವ ಜಾಗ ಬೈಲು. ಲೆಕ್ಕ ಹಾಕಿ ನೋಡಿ: ಒಂದು ಎಕರೆ ಬೈಲಿನಲ್ಲಿ ಹುಣಿಯವರೆಗೆ, ಅಂದರೆ ಗದ್ದೆಯ ಬದುವಿನವರೆಗೆ, ಒಂದಡಿ ನೀರು ನಿಂತರೆ ಸುಮಾರು 12 ಲಕ್ಷ ಲೀಟರ್. ಅದಕ್ಕೆ ನಾಲ್ಕಡಿ ಕೆಂಪು ಮಣ್ಣು ಹಾಕಿದಿರಿ ಅಂತಿಟ್ಟುಕೊಳ್ಳಿ. ಆ 12 ಲಕ್ಷ ಲೀಟರ್ ಆವಿಯಾಗುವುದಿಲ್ಲ, ಪಕ್ಕದ ಮನೆಗೆ ಹೋಗುತ್ತದೆ. ಮುಂದಿನ ವರ್ಷ ಪಕ್ಕದವರು ಐದಡಿ ಹಾಕುತ್ತಾರೆ. ಆ ಮಣ್ಣು ಬರುವುದಾದರೂ ಎಲ್ಲಿಂದ? ಇನ್ಯಾವುದೋ ಗುಡ್ಡ ಕಡಿದು. ಅಲ್ಲಿಯವರದು ಬೇರೆ ಕತೆ.

2018ರ ಮೇ 29ರಂದು ಊರು ಮುಳುಗಿದಾಗ ನನ್ನ ಫೋನಿಗೆ ಬಿಡುವಿರಲಿಲ್ಲ. ಆ ದಿನದ ಮಳೆಯೇ ವಿಪರೀತ, ಎಲ್ಲಾ ತಪ್ಪನ್ನೂ ಮಣ್ಣಿನ ಮೇಲೆ ಹಾಕಲಾರೆ. ಆದರೆ ಸಾಧಾರಣ ಮಳೆಗೂ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುತ್ತದಲ್ಲ, ಅದಕ್ಕೇನು ಹೇಳೋಣ?

ನದಿ ದಂಡೆಗೆ ವಾಕಿಂಗ್ ದಾರಿ, ದೀಪ, ಬೆಂಚು ಎಲ್ಲಾ ಬೇಕು. ಸಂಜೆ ನಾನೂ ಹೋಗಿ ಕೂರುವವನೇ. ಆದರೆ ಖರ್ಚಿನ ಸಾಲಿನಲ್ಲಿ ಮೊದಲು ಉಳಿದಿರುವ ನಾಲ್ಕು ಬೈಲುಗಳು ಬರಬೇಕು ಅಂತ ನನ್ನ ಹಟ. ಮೀಟಿಂಗಿನಲ್ಲಿ ಹೀಗೆ ಹೇಳಿದರೆ ಚಾ ಬರುತ್ತದೆ, ಮಾತು ಬದಲಾಗುತ್ತದೆ.

ಕೆಲವು ವರ್ಷದ ಹಿಂದೆ ಗಲ್ಫಿನಿಂದ ಮರಳಿದ ಒಬ್ಬರ ಜಾಗ ನೋಡಲು ಹೋಗಿದ್ದೆ. ಪಕ್ಕದ ಹಂಚಿನ ಮನೆಯ ಅಜ್ಜಿ ಬೇಲಿಯ ಹತ್ತಿರ ಬಂದರು. "ಮೊದಲು ತೆಂಗಿನ ಬುಡಕ್ಕೆ ನೀರು ಬಂದು ಹೋಗ್ತಿತ್ತು ಮಗಾ. ಈಗ ಬಂದದ್ದು ಇಲ್ಲೇ ಕೂತುಕೊಳ್ತದೆ." ನಾನು ಅರ್ಧ ಗಂಟೆ ನಕ್ಷೆ ಬಿಡಿಸಿ ಹೇಳಿದ್ದು ಆ ಮನುಷ್ಯನಿಗೆ ತಾಗಿರಲಿಲ್ಲ, ಇದು ತಾಗಿತು. ಮಣ್ಣು ಹಾಕಿಸಲಿಲ್ಲ. ಕಂಬದ ಮೇಲೆ ಮನೆ ಎತ್ತಿದರು, ಕೆಳಗೆ ಕಾರು, ಮುಂದಿನ ಗದ್ದೆ ಹಾಗೇ ಬಿಟ್ಟರು. ಖರ್ಚು ಸ್ವಲ್ಪ ಜಾಸ್ತಿಯೇ ಆಯಿತು, ಸುಳ್ಳು ಹೇಳುವುದಿಲ್ಲ.

ಮರು ಜುಲೈಯಲ್ಲಿ ಅವರ ಫೋನು. "ಕಾರಿನ ಟಯರ್ ಅರ್ಧ ಮುಳುಗಿದೆ ಮಾರಾಯ್ರೇ!"

"ಮನೆಯೊಳಗೆ?"

"ಒಳಗೆ ಎಂತ ಇಲ್ಲ, ಚಾ ಕುಡಿತಾ ಇದ್ದೇವೆ."

"ಅಜ್ಜಿಯ ಮನೆ?"

ಕಿಟಕಿಗೆ ಹೋಗಿ ನೋಡಿ ಬಂದರು. "ತೆಂಗಿನ ಬುಡದಲ್ಲಿದೆ."

ಕಾರನ್ನು ಮೇಲಿನ ರಸ್ತೆಗೆ ತೆಗೆದಿಡಿ ಅಂದೆ. ಇಳಿತ ಶುರುವಾಗಲು ಇನ್ನೂ ಎರಡು ಗಂಟೆ ಇತ್ತು.